ತಂದೆಯ ಪುಸ್ತಕ ಹಿಡಿದು ನಡೆದ ಊರು
(ಜುಮಾ ನಮಾಝಿನ ಬಳಿಕ ಮಾಡಿದ ಭಾಷಣದ ಸಂಗ್ರಹ)



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಶಾಂತಿ, ಅನುಗ್ರಹಗಳಿರಲಿ.

ಸಹೋದರರೇ, ಮಯ್ಯಿತ್ ನಮಾಝಿಗೆ ಸಫ್ ಕಟ್ಟಿದ ಮೇಲೆ ಮನೆಯವರೊಬ್ಬರು ಮುಂದೆ ಬಂದು ಹೇಳುವ ಮಾತು ನಿಮಗೆಲ್ಲ ಗೊತ್ತು. ಮರ್‌ಹೂಮರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನಮ್ಮನ್ನು ಕಾಣಿ ಎನ್ನುವ ಮಾತು. 2017ರ ಡಿಸೆಂಬರ್‌ನಲ್ಲಿ ನಮ್ಮ ತಂದೆಯ ಮಯ್ಯಿತ್ ಮುಂದೆ ನಿಂತು ನಾವೂ ಅದನ್ನೇ ಹೇಳಿದೆವು. ನಿಜ ಹೇಳಬೇಕೆಂದರೆ, ಹೇಳುತ್ತಿದ್ದಾಗ ಯಾರೂ ಬರದಿರಲಿ ಎಂದೇ ನಮ್ಮ ಮನಸ್ಸು ಬೇಡುತ್ತಿತ್ತು.

ಆ ವರ್ಷ ಹಾಗಿತ್ತು. ಅಣ್ಣ ತಮ್ಮ ನಾವಿಬ್ಬರೂ ಜುಬೈಲ್‌ನಲ್ಲಿ ದುಡಿಯುತ್ತಿದ್ದವರು. ಜುಲೈಯಿಂದ ಸೌದಿಯಲ್ಲಿ ಕುಟುಂಬದ ಪ್ರತಿ ಸದಸ್ಯರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದೆವು. ಎರಡು ತಿಂಗಳಲ್ಲಿ ಕೆಲಸವೂ ಹೋಯಿತು. ಕೈಯಲ್ಲಿ ಸಾಲ, ಮನೆಯಲ್ಲಿ ಹಾಸಿಗೆ ಹಿಡಿದ ತಂದೆ. ಅವರು ತೀರಿಕೊಂಡ ಮೇಲೆ ನಮಗಿದ್ದದ್ದು ಒಂದೇ ದಾರಿ ಎಂದುಕೊಂಡಿದ್ದೆವು: ಮಂಗಳೂರಿನ ಬಂದರಿನ ಹಳೆ ಮನೆಯನ್ನು ಮಾರುವುದು. ತಾಯಿಗೆ ಎಂಟನೇ ಒಂದು ಪಾಲು ಕೊಟ್ಟು, ಉಳಿದದ್ದನ್ನು ನಾವೂ ತಂಗಿಯೂ ಹಂಚಿಕೊಂಡರೆ ಸಾಲ ತೀರುತ್ತದೆ, ಇನ್ನೊಂದು ವೀಸಾಕ್ಕೂ ಆಗುತ್ತದೆ. ಈ ಲೆಕ್ಕವನ್ನು ನಾವು ತಂದೆಯ ಕಫನ್‌ನ ದಿನವೇ ಹಾಕಿದ್ದೆವು. ಅಲ್ಲಾಹನು ಕ್ಷಮಿಸಲಿ.

ಮೂರು ದಿನ ಯಾರೂ ಬರಲಿಲ್ಲ. ಒಂಬತ್ತನೇ ದಿನ ತಾಯಿ ಪೆಟ್ಟಿಗೆಯಿಂದ ಕೆಂಪು ರಟ್ಟಿನ ಒಂದು ಪುಸ್ತಕ ತೆಗೆದು ನಮ್ಮ ಮುಂದಿಟ್ಟರು. ಒಂದು ಕಡೆಯಿಂದ ತೆರೆದರೆ ತಂದೆ ಕೊಡಬೇಕಾದ್ದು: 17 ಬಾಬ್ತು, 1,42,600 ರೂಪಾಯಿ. ತಿರುಗಿಸಿ ತೆರೆದರೆ ತಂದೆಗೆ ಬರಬೇಕಾದ್ದು: 23 ಬಾಬ್ತು, ಎರಡು ಲಕ್ಷಕ್ಕೂ ಮೇಲೆ.

ನಾವು ಯಾವ ಕಡೆಯಿಂದ ಶುರು ಮಾಡಿದೆವು ಎಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇವೆ, ಬರಬೇಕಾದ ಕಡೆಯಿಂದ. ಕುದ್ರೋಳಿಯ ಒಂದು ಮನೆಗೆ ಹೋದೆವು. ಬಾಗಿಲು ತೆರೆದವರು ಒಬ್ಬ ವಿಧವೆ. ಪುಸ್ತಕದಲ್ಲಿದ್ದದ್ದು ಅವರ ಗಂಡನ ಲೆಕ್ಕ. ಒಳಗೆ ಹೊಲಿಗೆ ಯಂತ್ರ, ನೆಲದ ಮೇಲೆ ಓದುತ್ತಿದ್ದ ಎರಡು ಮಕ್ಕಳು. ನಾವು ಕುಳಿತ ಕೂಡಲೇ ಅವರಿಗೆ ವಿಷಯ ಗೊತ್ತಾಯಿತು. ಚಹಾ ಕೊಟ್ಟು, ರಮಝಾನ್ ತನಕ ಸಮಯ ಕೊಡಿ ಎಂದರು. ನಾವು ಆಗಲಿ ಎಂದು ಹೊರಬಂದೆವು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂದು ಅಲ್-ಬಕರದ 280ನೇ ಸೂಕ್ತ ಕಲಿಸುವುದನ್ನು ನಾವು ಮದ್ರಸದಲ್ಲೇ ಕಲಿತಿದ್ದೆವು. ಅದು ನೆನಪಾದದ್ದು ಮಾತ್ರ ಆ ಮನೆಯ ಮೆಟ್ಟಿಲು ಇಳಿಯುವಾಗ.

ಮರುದಿನ ಉಸ್ತಾದರ ಬಳಿ ಹೋದೆವು. ಅವರು ಸೂರಃ ಅನ್ನಿಸಾದ 11 ಮತ್ತು 12ನೇ ಸೂಕ್ತಗಳನ್ನು ತೆರೆದರು. ಪಾಲು ಹಂಚುವ ವಿಷಯ ಬಂದಲ್ಲೆಲ್ಲ ವಸಿಯ್ಯತ್ ಮತ್ತು ಸಾಲದ ಮಾತು ಮತ್ತೆ ಮತ್ತೆ ಬರುವುದನ್ನು ಬೆರಳಿಟ್ಟು ತೋರಿಸಿದರು. ಮೊದಲು ಕಫನ್ ದಫನ್‌ನ ಖರ್ಚು, ನಂತರ ಸಾಲ, ನಂತರ ಮೂರನೇ ಒಂದರೊಳಗಿನ ವಸಿಯ್ಯತ್. ಇದೆಲ್ಲ ಮುಗಿದ ಮೇಲೆ ಉಳಿದರೆ ಅದು ನಿಮ್ಮದು ಎಂದರು. ಅಬೂ ಖತಾದಾ(ರ)ರ ಘಟನೆಯನ್ನೂ ಹೇಳಿದರು. ಎರಡು ದೀನಾರ್ ಸಾಲ ಉಳಿಸಿ ಹೋದವರ ಮಯ್ಯಿತ್ ನಮಾಝಿಗೆ ಪ್ರವಾದಿ(ಸ) ಮುಂದಾಗಲಿಲ್ಲ. ಅಬೂ ಖತಾದಾ ಆ ಸಾಲವನ್ನು ತಾನು ಹೊತ್ತುಕೊಂಡ ಮೇಲೆಯೇ ನಮಾಝ್ ನಡೆಯಿತು. ಮರುದಿನವೂ ಪ್ರವಾದಿ(ಸ) ಆ ಎರಡು ದೀನಾರ್ ಏನಾಯಿತೆಂದು ವಿಚಾರಿಸಿದರು. ನಾವೋ ಒಂಬತ್ತು ದಿನ ಮನೆಯ ರೇಟು ವಿಚಾರಿಸುತ್ತಿದ್ದೆವು.

ಹಾಗೆ ನಮ್ಮ ನಡಿಗೆ ಶುರುವಾಯಿತು. ತಂದೆಯ ಪುಸ್ತಕದಲ್ಲಿ ಹೆಸರುಗಳೇ ಇರಲಿಲ್ಲ. ‘ರಥಬೀದಿ ಮೂಲೆ, ಪಾತ್ರೆ ಅಂಗಡಿ.’ ‘ಬೆಂಗ್ರೆ, ಕಡವಿನ ಹತ್ತಿರ, ಬಲೆಯವರು.’ ‘ದಕ್ಕೆ, ಐಸ್.’ ‘ಜೆಪ್ಪು, ಹಂಚಿನ ಕಾರ್ಖಾನೆ ಹಿಂದೆ, ಅಜ್ಜಿ.’ ಅವರಿಗೆ ಊರು ಅಷ್ಟು ಪರಿಚಿತ. ಅದೇ ಊರಲ್ಲಿ ಹುಟ್ಟಿದ ನಮಗೆ ಗೊತ್ತಿದ್ದದ್ದು ಮನೆ, ಮಸೀದಿ, ವಿಮಾನ ನಿಲ್ದಾಣ ಮತ್ತು ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಮಾಲ್‌ಗಳು.

ತಂದೆಯದು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸಾಮಾನು ಕೊಡುವ ಅಂಗಡಿ. ಅಕ್ಕಿ, ಈರುಳ್ಳಿ, ತರಕಾರಿ, ಪಾತ್ರೆ ಪಗಡೆ. ಹಳೆ ಬಂದರಿನಿಂದ ಮಂಜಿ ಹೊರಟರೆ ವ್ಯಾಪಾರ. ಮಳೆಗಾಲದಲ್ಲಿ ಕಡಲು ಏಳುತ್ತದೆ, ಮಂಜಿ ಹೋಗುವುದಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಅಂದರೆ ಬಂದರಿನ ಅರ್ಧ ಜನರ ಕೈ ಒಟ್ಟಿಗೇ ಖಾಲಿಯಾಗುತ್ತದೆ. ಆಗ ಯಾರ ಬಳಿ ಸ್ವಲ್ಪ ಉಳಿದಿದೆಯೋ ಅವರು ಇಲ್ಲದವರಿಗೆ ಕೊಡುವುದು, ಕಡಲು ತಣಿದ ಮೇಲೆ ಹಿಂದಿರುಗಿಸುವುದು. ಇದಕ್ಕೆ ಬಾಂಡ್ ಇಲ್ಲ, ಬಡ್ಡಿ ಇಲ್ಲ. ಪುಸ್ತಕದ ಎರಡೂ ಕಡೆಯ ತಾರೀಕುಗಳು ಹೆಚ್ಚಿನವು ಜೂನ್‌ನಿಂದ ಆಗಸ್ಟ್‌ವರೆಗಿನವು ಎಂಬುದನ್ನು ನಾವು ಕಂಡುಕೊಂಡದ್ದು ಐದಾರು ಮನೆ ಅಲೆದ ನಂತರ. ನಮ್ಮ ಶಾಲೆಯ ಫೀಸು ಪ್ರತಿ ವರ್ಷ ಜೂನ್‌ನಲ್ಲಿ ಎಲ್ಲಿಂದ ಬರುತ್ತಿತ್ತು ಎಂಬುದೂ ಆಗಲೇ ಗೊತ್ತಾಯಿತು.

ಬೆಂಗ್ರೆಗೆ ಹೋಗಲು ಬಂದರಿನಿಂದ ದೋಣಿ ಹತ್ತಿದೆವು. ಬಾಲ್ಯದ ನಂತರ ಅದೇ ಮೊದಲು. ನೇತ್ರಾವತಿ ಮತ್ತು ಗುರುಪುರ ಹೊಳೆ ಕೂಡಿ ಕಡಲು ಸೇರುವ ಅಳಿವೆ ಅಲ್ಲೇ ಇದೆ. ಆಚೆ ದಡದ ಮರಳಿನ ಪಟ್ಟಿಯಲ್ಲಿ ಬಲೆಯವರ ಮಗ ಸಿಕ್ಕಿದರು. ಹಣ ಎಣಿಸಿ ಕೊಟ್ಟೆವು. ಅವರು ಬೇಡ ಎನ್ನಲಿಲ್ಲ, ಪೂರ್ತಿ ತೆಗೆದುಕೊಂಡರು. ನಾನು ಬಿಟ್ಟುಕೊಟ್ಟರೆ ನಿಮಗೆ ಸಮಾಧಾನವಾಗಬಹುದು, ನಿಮ್ಮ ತಂದೆಗೆ ಆಗುವುದಿಲ್ಲ, ಅವರು ಹಾಗಿನವರು ಎಂದರು. ನಮ್ಮ ತಂದೆಯ ಬಗ್ಗೆ ಆ ಮಾತು ನಮಗೆ ಗೊತ್ತಿರಲಿಲ್ಲ.

ರಥಬೀದಿಯ ಪಾತ್ರೆ ಅಂಗಡಿಯ ಹಿರಿಯರು ಕೊಂಕಣಿಗರು. ನಮ್ಮ ಪುಸ್ತಕದಲ್ಲಿ 11,000. ಅವರು ತಮ್ಮ ಪುಸ್ತಕ ತರಿಸಿದರು, ಅದರಲ್ಲಿ 9,500. ನಮ್ಮದೇ ಸರಿ ಎಂದು ನಾವು, ನನ್ನದೇ ಸರಿ ಎಂದು ಅವರು. ಹೆಚ್ಚು ಕೊಡುವುದಕ್ಕೆ ನಾವು, ಕಡಿಮೆ ತೆಗೆದುಕೊಳ್ಳುವುದಕ್ಕೆ ಅವರು ಜಗಳವಾಡಿದ್ದನ್ನು ನೋಡಿ ಅಂಗಡಿಯ ಹುಡುಗ ನಗುತ್ತಿದ್ದ. ಕೊನೆಗೆ 9,500ಕ್ಕೇ ಒಪ್ಪಬೇಕಾಯಿತು. ಹಣ ಗಲ್ಲೆಗೆ ಹಾಕಿ ಅವರು ಒಂದು ವಿಷಯ ಹೇಳಿದರು. ಊರಲ್ಲಿ ಗಲಾಟೆಯಾದಾಗ ತಂದೆಯ ಅಂಗಡಿಯ ಕೀಲಿ ಅವರ ಬಳಿ ಇತ್ತಂತೆ, ಅವರ ಗೋದಾಮಿನ ಕೀಲಿ ತಂದೆಯ ಬಳಿ. ನಾವು ಆ ದಿನಗಳಲ್ಲಿ ಜುಬೈಲ್‌ನಲ್ಲಿ ಕೂತು ಫೋನಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುತ್ತಾ, ಊರು ಹಾಳಾಯಿತು ಎನ್ನುತ್ತಿದ್ದವರು. ಹಾಳಾಗಿಲ್ಲ ಎಂದು ಹೇಳುವ ಧೈರ್ಯ ಈಗಲೂ ನಮಗಿಲ್ಲ. ಆದರೆ ಆ ಎರಡು ಕೀಲಿಗಳ ವಿಷಯ ನಮ್ಮ ಫೋನಿಗೆ ಬಂದಿರಲಿಲ್ಲ.

ಹಿಜ್‌ರತ್‌ನ ರಾತ್ರಿಯನ್ನು ನೆನಪಿಸಿಕೊಳ್ಳಿ. ಕೊಲ್ಲಲು ಮನೆ ಸುತ್ತುವರಿದವರ ಊರಿನಿಂದ ಪ್ರವಾದಿ(ಸ) ಹೊರಟಿದ್ದಾರೆ. ಮಕ್ಕಾದವರು ನಂಬಿ ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲು ಅಲಿ(ರ)ರನ್ನು ಅಲ್ಲೇ ಉಳಿಸಿದರು. ಅಲಿ ಮೂರು ದಿನ ನಿಂತು ಎಲ್ಲರದ್ದನ್ನೂ ತಲುಪಿಸಿ, ಆಮೇಲೆ ಹೊರಟು ಕುಬಾದಲ್ಲಿ ಸೇರಿಕೊಂಡರು. ಈ ಘಟನೆಯನ್ನು ಎಷ್ಟು ಸಲ ಕೇಳಿಲ್ಲ ನಾವು. ಅಲಿಯ ಧೈರ್ಯದ ಮೇಲೆಯೇ ನಮ್ಮ ಗಮನ. ಆ ಮೂರು ದಿನ ಅವರು ಒಂದೊಂದೇ ಬಾಗಿಲಿಗೆ ಹೋಗಿ ನಿಂತಿರಬೇಕಲ್ಲವೇ, ಅದನ್ನು ನಾವು ಯೋಚಿಸಿರಲಿಲ್ಲ.

ಅಂಗಡಿಯ ಉಳಿದ ಸಾಮಾನು, ತಕ್ಕಡಿ, ತಾವಾಗಿಯೇ ತಂದುಕೊಟ್ಟ ಕೆಲವರ ಹಣ, ಇದರಲ್ಲಿ 16 ಬಾಬ್ತು ತೀರಿದವು. ಕುದ್ರೋಳಿಯ ಲೆಕ್ಕವನ್ನು ತಾಯಿ, ತಂಗಿ, ನಾವು ಎಲ್ಲರೂ ಒಪ್ಪಿ ಹೊಡೆದು ಹಾಕಿದೆವು. ಆ ಮನೆಗೆ ಎರಡನೇ ಸಲ ಹೋಗಿ ಹೇಳಿಬರುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ನಮ್ಮ ಸ್ವಂತ ಸಾಲ ಇನ್ನೂ ಇದೆ. ಮನೆ ಮಾರುವ ಮಾತೂ ಪೂರ್ತಿ ಮುಗಿದಿಲ್ಲ. ತಮ್ಮ ದಕ್ಕೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ.

ಉಳಿದಿರುವುದು ಒಂದು ಬಾಬ್ತು, ಜೆಪ್ಪುವಿನ ಅಜ್ಜಿಯದು, 350 ರೂಪಾಯಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಜೆಪ್ಪು ಅದು. ಆಮೇಲೆ ಹೊಳೆದಡದಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಹೆಚ್ಚಿನವು ಮುಚ್ಚಿದವು. ತಂದೆ ಬರೆದದ್ದು ಯಾವುದರ ಹಿಂದೆ ಎಂದು ಹೇಳುವವರಿಲ್ಲ. ಆರು ಸಲ ಹೋಗಿ ಬಂದೆವು. ಹುಡುಕುವಷ್ಟು ಹುಡುಕಿ, ಸಿಗದಿದ್ದರೆ ಅವರ ಹೆಸರಿನಲ್ಲಿ ಸದಖ ಮಾಡಿ, ಮುಂದೆ ವಾರಸುದಾರರು ಬಂದರೆ ಮತ್ತೆ ಕೊಡಬೇಕಾದೀತು ಎಂದು ಉಸ್ತಾದರು ಹೇಳಿದ್ದಾರೆ. ನಾವಿನ್ನೂ ಸದಖ ಮಾಡಿಲ್ಲ.

ಬಂದರಿನಲ್ಲಿ ಮಂಜಿ ಸಾಮಾನಿನ ಅಂಗಡಿಗೆ ತೆಂಗಿನ ಹಗ್ಗವನ್ನೋ ಬುಟ್ಟಿಯನ್ನೋ ತಂದು ಕೊಡುತ್ತಿದ್ದ ಅಜ್ಜಿ ಇರಬೇಕು ಎಂದು ತಾಯಿಯ ಊಹೆ. ಜೆಪ್ಪು, ಹೊಯ್ಗೆಬಜಾರ್ ಕಡೆಯವರು ಯಾರಾದರೂ ಇಲ್ಲಿದ್ದರೆ, ಯಾವ ಧರ್ಮದ ಅಜ್ಜಿಯೇ ಆಗಲಿ, ಕೇಳಿದ ನೆನಪಿದ್ದರೆ, ಹೊರಗೆ ವುಝೂ ಮಾಡುವ ಹೌಝ್ ಹತ್ತಿರ ನಾವು ನಿಂತಿರುತ್ತೇವೆ.