ಒಂದು ಮಾರು ಫುಟ್‌ಪಾತ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಗರದ ಕಾಮಗಾರಿಗಳ ಮಾನದಂಡಗಳು ಹೇಗೆ ಬದಲಾಗುತ್ತವೆ ಎಂಬುದು ಇವತ್ತಿನ ವಿಷಯ. ಆಹ್ವಾನ ನೋಡಿ ಒಬ್ಬ ಗೆಳತಿ ಫೋನ್ ಮಾಡಿದರು. "ಏನ್ರೀ, ಹೋದ ಸಲ ಮೊಣಕಾಲು ನೋವಿನ ಬಗ್ಗೆ ಡಾಕ್ಟರನ್ನು ಕರೆಸಿದ್ದರು, ಈ ಸಲ ಟೆಂಡರ್ ಬಗ್ಗೆ ಎಂಜಿನಿಯರನ್ನು ಕರೆಸಿದ್ದಾರಲ್ಲ" ಎಂದು ನಕ್ಕರು. ನನ್ನ ಲೆಕ್ಕದಲ್ಲಿ ಎರಡೂ ಒಂದೇ ವಿಷಯ. ಅದು ಹೇಗೆ ಎಂದು ಹೇಳುವುದಕ್ಕೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು.

ಮೂವತ್ತು ವರ್ಷ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ರಸ್ತೆಗಳ ನಕ್ಷೆ ಬರೆದವಳು. ಫುಟ್‌ಪಾತಿನ ಅಂಚುಕಲ್ಲನ್ನು ಒಂಬತ್ತು ಇಂಚು ಎತ್ತರಕ್ಕೆ ಬರೆಯುತ್ತಿದ್ದೆ. ಹಳೆಯ ನಕ್ಷೆಯಲ್ಲಿ ಹಾಗಿತ್ತು, ಅದನ್ನೇ ಇಳಿಸಿಕೊಳ್ಳುತ್ತಿದ್ದೆ. ಎತ್ತರವಿದ್ದರೆ ಸ್ಕೂಟರ್, ಕಾರು ಹತ್ತುವುದಿಲ್ಲ ಎನ್ನುವುದು ಮೇಲಿನವರ ವಾದ. ಸರಿ ಎಂದೇ ನನಗೂ ಅನ್ನಿಸಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮಮ್ಮ ತಿಪಟೂರಿನಿಂದ ಬಂದು ನಮ್ಮಲ್ಲಿದ್ದರು. ಒಂದು ಸಂಜೆ ತರಕಾರಿ ತರಲು ಹೋದವರು ಫುಟ್‌ಪಾತಿನಿಂದ ರಸ್ತೆಗೆ ಇಳಿಯುವಾಗ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೇಳಿದರು: "ಅಷ್ಟೆತ್ತರ ಯಾಕೆ ಕಟ್ಟುತ್ತಾರೆ ಕಣೇ? ಯಾರಿಗೆ ಅಂತ ಕಟ್ಟಿದ್ದು ಅದು?" ಆ ರಸ್ತೆಯ ನಕ್ಷೆಯ ಮೂಲೆಯಲ್ಲಿ ನನ್ನ ಸಹಿ ಇತ್ತು. ಅವರಿಗೆ ಅದನ್ನು ಕೊನೆಯವರೆಗೂ ಹೇಳಲಿಲ್ಲ.

ಆಮೇಲೆ ನಾನು ಮಾನದಂಡಗಳನ್ನು ನಿಜವಾಗಿ ಓದಲು ಶುರು ಮಾಡಿದೆ. ನಮ್ಮ ದೇಶದ ರಸ್ತೆಗಳಿಗೆ ನಿಯಮ ಬರೆಯುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಪಾದಚಾರಿ ಸೌಕರ್ಯಗಳಿಗೆಂದೇ ಅದರದೊಂದು ಸಂಹಿತೆ ಇದೆ, ಸಂಖ್ಯೆ 103. 1988ರಲ್ಲಿ ಅದು ಫುಟ್‌ಪಾತ್ ಕನಿಷ್ಠ ಒಂದೂವರೆ ಮೀಟರ್ ಇರಲಿ ಎಂದಿತ್ತು. 2012ರಲ್ಲಿ ಪರಿಷ್ಕರಿಸಿದಾಗ ಕಂಬ, ಮರ, ಬೋರ್ಡು ಯಾವುದೂ ಅಡ್ಡವಿಲ್ಲದ 1.8 ಮೀಟರ್ ಎಂದು ಬದಲಾಯಿತು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹೋಗಲು ಬೇಕಾದ ಅಗಲ ಅದು. 2022ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಯಿತು. 1.8 ಮೀಟರ್ ಎಂದರೆ ಎಷ್ಟು ಎಂದು ಯೋಚಿಸಬೇಡಿ. ಹೂವಾಡಗಿತ್ತಿ ಕೈ ಚಾಚಿ ಅಳೆಯುವ ಒಂದು ಮಾರು. ನಾಲ್ಕು ಮೊಳ ಮಲ್ಲಿಗೆ. ನಾನು ಬರೆಯುತ್ತಿದ್ದ ಒಂಬತ್ತು ಇಂಚು ಎಂದರೆ ಒಂದು ಗೇಣು.

ದೆಹಲಿಗೆ ತನ್ನದೇ ಪುಸ್ತಕವೂ ಇದೆ. 2008ರಲ್ಲಿ ಡಿಡಿಎ ಅಡಿಯಲ್ಲಿ ಯುಟ್ಟಿಪೆಕ್ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷವೇ ಅದು ರಸ್ತೆ ವಿನ್ಯಾಸದ ಮಾರ್ಗಸೂಚಿ ಹೊರತಂದಿತು. ನನಗೆ ಬಹಳ ಇಷ್ಟವಾದ ಪುಸ್ತಕ. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಂದರೆ ಆರು ಇಂಚು. ಮನೆಗಳ ಗೇಟಿನ ಮುಂದೆ ಫುಟ್‌ಪಾತನ್ನು ಇಳಿಸಿ ಏರಿಸಬಾರದು, ನಡೆಯುವವರು ಒಂದೇ ಸಮನಾಗಿ ನಡೆಯಲಿ, ಹತ್ತಿ ಇಳಿಯುವ ಕಷ್ಟ ಕಾರಿಗಿರಲಿ. ರಸ್ತೆಗೊಂದೇ ಅಲ್ಲ, ಫುಟ್‌ಪಾತಿಗೂ ಬೇರೆ ದೀಪ ಬೇಕು. ಎಲ್ಲ ಸರಿಯಾಗಿಯೇ ಬರೆದಿದ್ದಾರೆ. ಹಾಗಿದ್ದರೆ ನಮ್ಮ ಬಡಾವಣೆಗಳಲ್ಲಿ ಇನ್ನೂ ಯಾಕೆ ಕುದುರೆ ಸವಾರಿ ಮಾಡಿದ ಹಾಗೆ ಹತ್ತಿ ಇಳಿದು ನಡೆಯುತ್ತಿದ್ದೇವೆ? ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಕೈಬಿಡುವುದು ಸುಲಭ. ಆದರೆ ಒಳಗಿದ್ದವಳಾಗಿ ಕಾರಣ ಹೇಳುತ್ತೇನೆ.

ಗುತ್ತಿಗೆದಾರ ಮಾರ್ಗಸೂಚಿ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಅವನು ಕಟ್ಟುವುದು ಟೆಂಡರಿಗೆ ಲಗತ್ತಾದ ನಕ್ಷೆಯನ್ನು ಮತ್ತು ಬಾಬ್ತುಗಳ ಪಟ್ಟಿಯನ್ನು. ಬಾಬ್ತುಗಳು ಬರುವುದು ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ. ಅಂಚುಕಲ್ಲಿಗೆ ದರವಿದೆ, ಟೈಲ್ಸಿಗೆ ದರವಿದೆ. ಅಡ್ಡವಿರುವ ವಿದ್ಯುತ್ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸುವುದು ಬೇರೆ ಸಂಸ್ಥೆಯ ಕೆಲಸ, ಅದರ ಹಣ ಬೇರೆ ಲೆಕ್ಕ. ಹಾಗಾಗಿ ಪೆಟ್ಟಿಗೆಯ ಸುತ್ತ ಚೆಂದವಾಗಿ ಟೈಲ್ಸ್ ಕತ್ತರಿಸಿ ಹಾಕುತ್ತಾರೆ, ದುಡ್ಡು ಸಿಗುತ್ತದೆ. ಕೆಲಸ ಮುಗಿದಾಗ ಅಳತೆ ಪುಸ್ತಕದಲ್ಲಿ ಎಷ್ಟು ಚದರ ಮೀಟರ್ ಎಂದು ಬರೆಯುತ್ತೇವೆ. ಒಬ್ಬ ಅಜ್ಜಿ ಈ ತುದಿಯಿಂದ ಆ ತುದಿಗೆ ಹೋಗಬಹುದೇ ಎಂದು ಬರೆಯಲು ಅಲ್ಲಿ ಅಂಕಣವೇ ಇಲ್ಲ. ರಸ್ತೆಯ ಹಳೆಯ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹೊಸ ಪದರ ಹಾಕಿದಾಗಲೂ ಹೀಗೆಯೇ. ರಸ್ತೆ ಏರುತ್ತದೆ, ಮಳೆನೀರು ಫುಟ್‌ಪಾತಿಗೆ ಬರುತ್ತದೆ, ಮುಂದಿನ ಟೆಂಡರಿನಲ್ಲಿ ಫುಟ್‌ಪಾತನ್ನು ಏರಿಸುತ್ತಾರೆ, ಆಗ ಮನೆಗಳ ಅಂಗಳ ತಗ್ಗಾಗುತ್ತದೆ. ಜುಲೈ ತಿಂಗಳಲ್ಲಿ ಬಕೆಟ್ ಹಿಡಿದು ನೀರು ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೊತೆಗೆ ಯಜಮಾನರೂ ಹಲವರು. ದೆಹಲಿಯಲ್ಲಿ ಅರವತ್ತು ಅಡಿ ಮತ್ತು ಅದಕ್ಕಿಂತ ಅಗಲದ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ, ಒಳರಸ್ತೆಗಳು ಪಾಲಿಕೆಗೆ, ಲುಟ್ಯೆನ್ಸ್ ಪ್ರದೇಶ ಎನ್‌ಡಿಎಂಸಿಗೆ. ನೋಯ್ಡಾ, ಗುರುಗ್ರಾಮದ ಗೆಳತಿಯರಿಗೆ ಬೇರೆಯೇ ಪ್ರಾಧಿಕಾರಗಳು.

ಬರೆದದ್ದು ನೆಲಕ್ಕೆ ಇಳಿಯುವುದೇ ಇಲ್ಲ ಎಂದಲ್ಲ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಮೆಟ್ರೊದಲ್ಲಿ ಬರುವವರು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣವನ್ನು ನೋಡಿದ್ದೀರಿ. 2018ರಲ್ಲಿ ತೆರೆದ ಪಿಂಕ್ ಲೈನಿನ ನಿಲ್ದಾಣ. ನಮ್ಮ ಎಂಜಿನಿಯರ ಹೆಸರು ಕಂಡಾಗಲೆಲ್ಲ ನನಗೆ ಖುಷಿ. ಒಳಗೆ ಲಿಫ್ಟ್ ಇದೆ, ದೃಷ್ಟಿಯಿಲ್ಲದವರ ಕಾಲಿಗೆ ದಾರಿ ತೋರುವ ಉಬ್ಬು ಟೈಲ್ಸ್ ಇವೆ. 2002ರ ಡಿಸೆಂಬರಿನಲ್ಲಿ ಮೊದಲ ಮೆಟ್ರೊ ಓಡಿದಾಗಿನಿಂದಲೂ ಲಿಫ್ಟ್ ಇದೆ, ಏಕೆಂದರೆ ಅಲ್ಲಿ ಅದು ಆಮೇಲೆ ಸೇರಿಸಿದ ಸೌಕರ್ಯವಲ್ಲ, ರೈಲು ಓಡುವ ಮೊದಲೇ ನಕ್ಷೆಗೆ ಸೇರಿತ್ತು. ಅದೇ ಊರು, ಅದೇ ಸಿಮೆಂಟು, ಅದೇ ಕೂಲಿಯವರು.

ನಮ್ಮ ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳೂ ಇದೇ ಪಾಠ ಹೇಳುತ್ತವೆ. ಹೆಸರೇ ನೋಡಿ, ಟೆಂಡರ್ ಎಂಬ ಮಾತು ಮೊದಲು. ಸ್ವಾತಿ ರಾಮನಾಥನ್ ಅವರ ಜನ ಅರ್ಬನ್ ಸ್ಪೇಸ್ ಸಂಸ್ಥೆ ಸಿದ್ಧಪಡಿಸಿದ ಈ ಕೈಪಿಡಿ ಒಳ್ಳೆಯ ಆಸೆಗಳನ್ನು ಪಟ್ಟಿ ಮಾಡಿ ನಿಲ್ಲಲಿಲ್ಲ. ಅವನ್ನೆಲ್ಲ ಟೆಂಡರಿನ ಷರತ್ತುಗಳಾಗಿ ಬರೆಯಿತು. ಕೇಬಲ್, ಕೊಳವೆಗಳು ಫುಟ್‌ಪಾತಿನ ಕೆಳಗೆ ಒಂದು ಕ್ರಮದಲ್ಲಿ ಹೋಗಬೇಕು, ಮತ್ತೆ ಅಗೆಯಬಾರದು. ವಾಹನದ ದಾರಿ ಉದ್ದಕ್ಕೂ ಒಂದೇ ಅಗಲ, ಉಳಿದದ್ದು ನಡೆಯುವವರಿಗೆ. ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿ ನಡೆದಿದ್ದರೆ ನಿಮಗೆ ಗೊತ್ತು. ಖರ್ಚು ಹೆಚ್ಚು, ಸಿರಿವಂತರ ಬೀದಿಗಳಿಗೇ ಮೊದಲು ಬಂತು ಎಂಬ ಟೀಕೆಯೂ ಸುಳ್ಳಲ್ಲ. ನನ್ನ ತಂಗಿ ಇರುವ ಬಡಾವಣೆಯಲ್ಲಿ ಈಗಲೂ ಕಲ್ಲುಚಪ್ಪಡಿ ಎಲ್ಲಿ ಬಾಯಿ ತೆರೆದಿದೆ ಎಂದು ನೋಡಿಕೊಂಡೇ ನಡೆಯಬೇಕು.

ಇದು ಹೆಂಗಸರ ವಿಷಯ ಹೇಗೆ ಎಂದು ಕೇಳಿದರೆ, ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ಮನೆಗೊಂದೇ ಕಾರಿದ್ದರೆ ಅದನ್ನು ಯಾರು ಒಯ್ಯುತ್ತಾರೆ? ಮಗುವನ್ನು ಶಾಲೆಯ ಬಸ್ಸಿಗೆ, ಅತ್ತೆಯನ್ನು ಡಾಕ್ಟರ ಹತ್ತಿರಕ್ಕೆ ನಡೆಸಿಕೊಂಡು ಹೋಗುವವರು ಯಾರು? 2019ರ ಅಕ್ಟೋಬರಿನಲ್ಲಿ ಡಿಟಿಸಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಯಿತು. ಬಹಳ ಸಂತೋಷ. ಆದರೆ ಬಸ್ ನಿಲ್ದಾಣದವರೆಗಿನ ಕತ್ತಲ ದಾರಿಗೆ ಯಾವ ರಿಯಾಯಿತಿಯೂ ಇಲ್ಲ. 2012ರ ಡಿಸೆಂಬರ್ ರಾತ್ರಿ ಆ ಹುಡುಗಿ ಬಸ್ ಹತ್ತಿದ ಮುನಿರ್ಕಾ, ಕರ್ನಾಟಕ ಸಂಘದಿಂದ ದೂರವೇನಲ್ಲ. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಐವರಲ್ಲಿ ಸುಮಾರು ಇಬ್ಬರು ನಡೆದು ಹೋಗುತ್ತಿದ್ದವರೇ.

ಕಾನೂನು ಈಗ ನಮ್ಮ ಕಡೆ ಇದೆ. ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅದನ್ನು ಕೈಯಲ್ಲಿ ಹಿಡಿದು ನಾವು ಕೇಳಬೇಕಾದದ್ದು ಹೊಸ ಮಾರ್ಗಸೂಚಿಯನ್ನಲ್ಲ, ಅದು ಸಾಕಷ್ಟಿದೆ. ನಿಮ್ಮ ಬೀದಿಯಲ್ಲಿ ಕೆಲಸ ಶುರುವಾದ ದಿನ ಹೋಗಿ ಅಡ್ಡಸೀಳಿಕೆಯ ನಕ್ಷೆ ತೋರಿಸಿ ಎನ್ನಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಅಂಚುಕಲ್ಲು ಎಷ್ಟು, ಅಡ್ಡವಿಲ್ಲದ ಅಗಲ ಎಷ್ಟು, ಪೆಟ್ಟಿಗೆ ಸರಿಸುವ ಬಾಬ್ತು ಪಟ್ಟಿಯಲ್ಲಿದೆಯೇ, ಈ ಮೂರು ಪ್ರಶ್ನೆ ಸಾಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೋದರೆ ಎಂಜಿನಿಯರ್ ಕೈಮುಗಿಯುತ್ತಾನೆ. ನಾನೂ ಎಷ್ಟೋ ಜನಕ್ಕೆ ಹಾಗೆ ಕೈಮುಗಿದಿದ್ದೇನೆ.

ಚಹಾ ಆದ ಮೇಲೆ ಈ ಸಭಾಂಗಣದ ಹೊರಗಿನ ಫುಟ್‌ಪಾತನ್ನೇ ಅಳೆಯೋಣ. ಸೀರೆ ಉಟ್ಟವರು, ಕೋಲು ಹಿಡಿದವರು ಮುಂದೆ ಬನ್ನಿ, ನೀವು ನಡೆದರೇ ಸರಿಯಾದ ಅಳತೆ ಸಿಗುವುದು. ಟೇಪು ನನ್ನ ಚೀಲದಲ್ಲಿದೆ.