ಹಬ್ಬದ ಮೇಜಿನ ನಟ್ಟನಡುವೆ



ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತೆಯ ಹಬ್ಬ. ದೂರದೂರುಗಳಲ್ಲಿ ನೆಲೆಸಿದ ಮಕ್ಕಳು, ಮೊಮ್ಮಕ್ಕಳು ಅಂದು ಹಿರಿಯರ ಮನೆ ಸೇರುತ್ತಾರೆ. ಆ ಮನೆಗಳಲ್ಲಿ ಹಬ್ಬದ ಸಿಂಗಾರವೆಲ್ಲ ಊಟದ ಮೇಜಿನ ಮೇಲೆ. ಬಿಳಿಯ ಹಾಸುಬಟ್ಟೆ, ಕಿತ್ತಳೆ ಬಣ್ಣದ ಕುಂಬಳಕಾಯಿ, ಬಣ್ಣಬಣ್ಣದ ಕಾಳಿನ ಮೆಕ್ಕೆಜೋಳದ ತೆನೆ, ಸೇವಂತಿಗೆ, ಮೇಣದ ಬತ್ತಿ. ಈ ಸಿಂಗಾರ ಎಲ್ಲಿಂದ ಬಂತು ಎಂಬುದು ಇಂದಿನ ನನ್ನ ಮಾತಿನ ವಿಷಯ. ಮೇಜಿನ ನಟ್ಟನಡುವೆ ಏನಿತ್ತು ಎಂದು ಕಾಲಕಾಲಕ್ಕೆ ನೋಡುತ್ತ ಹೋದರೆ, ಆ ಮನೆಯಲ್ಲಿ ಅಟ್ಟವರು ಯಾರು, ಬಡಿಸಿದವರು ಯಾರು ಎಂಬುದೂ ತಿಳಿಯುತ್ತದೆ.

ಕಥೆ ಶುರುವಾಗುವುದು 1621ರಲ್ಲಿ, ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ. ಹಿಂದಿನ ವರ್ಷ ಮೇಫ್ಲವರ್ ಹಡಗಿನಲ್ಲಿ ಬಂದಿಳಿದ ಇಂಗ್ಲಿಷ್ ವಲಸಿಗರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಮಾರನೆಯ ಶರತ್ಕಾಲದಲ್ಲಿ ಬೆಳೆ ಕೈಗೆ ಬಂದಾಗ ಉಳಿದವರು ಔತಣ ಮಾಡಿದರು. ಎಡ್ವರ್ಡ್ ವಿನ್ಸ್ಲೋ ಎಂಬಾತ ಆ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ ಅದರ ವಿವರವಿದೆ. ವಾಂಪನೋಗ್ ಜನರ ಮುಖಂಡ ಮ್ಯಾಸಸಾಯಿಟ್ ಸುಮಾರು 90 ಮಂದಿಯೊಡನೆ ಬಂದ, ಅವರು ಐದು ಜಿಂಕೆ ಬೇಟೆಯಾಡಿ ತಂದರು, ಮೂರು ದಿನ ಔತಣ ನಡೆಯಿತು. ಮೇಜಿನ ಅಲಂಕಾರದ ಮಾತು ಆ ಪತ್ರದಲ್ಲಿ ಒಂದೂ ಇಲ್ಲ. ಫೋರ್ಕ್ ಆ ಕಾಲದ ಅವರ ಬಳಕೆಯಲ್ಲಿರಲಿಲ್ಲ. ಚಾಕು, ಚಮಚ, ಬೆರಳು, ಕೈ ಒರೆಸಲು ದೊಡ್ಡ ಬಟ್ಟೆ, ಇಷ್ಟೇ ಸಲಕರಣೆ. ವಲಸಿಗರ ಪೈಕಿ ಬದುಕುಳಿದಿದ್ದ ಗೃಹಿಣಿಯರು ನಾಲ್ವರು. ನೂರಕ್ಕೂ ಮಿಕ್ಕ ಜನರ ಆ ಅಡುಗೆಯಲ್ಲಿ ಅವರ ಪಾಲು ಎಷ್ಟಿತ್ತೆಂಬುದನ್ನು ವಿನ್ಸ್ಲೋ ಬರೆಯಲಿಲ್ಲ.

ಆ ಔತಣವನ್ನು ಜನ ಮರೆತೇಬಿಟ್ಟಿದ್ದರು. 1841ರಲ್ಲಿ ಅಲೆಕ್ಸಾಂಡರ್ ಯಂಗ್ ಎಂಬ ಪಾದ್ರಿ ಹಳೆಯ ಪತ್ರವನ್ನು ಮತ್ತೆ ಅಚ್ಚುಮಾಡಿಸಿ, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಅಡಿಟಿಪ್ಪಣಿ ಹಾಕಿದ. ಅಷ್ಟರಲ್ಲಿ ನ್ಯೂ ಇಂಗ್ಲೆಂಡ್ ಪ್ರಾಂತದ ಮನೆಗಳಲ್ಲಿ ಸುಗ್ಗಿಯ ನಂತರದ ಕೃತಜ್ಞತೆಯ ಊಟ ರೂಢಿಯಾಗಿತ್ತು. ಅದರ ಒಳ್ಳೆಯ ಚಿತ್ರ ಸಿಗುವುದು ಸಾರಾ ಜೋಸೆಫಾ ಹೇಲ್ 1827ರಲ್ಲಿ ಪ್ರಕಟಿಸಿದ 'ನಾರ್ತ್‌ವುಡ್' ಕಾದಂಬರಿಯಲ್ಲಿ. ಅಲ್ಲಿ ಮೇಜಿಗೆ ಹಾಸಿದ ಬಿಳಿ ಬಟ್ಟೆ ಮನೆಯೊಡತಿಯೇ ನೂತು, ನೇಯ್ದು, ಬಿಳುಪು ಮಾಡಿದ್ದು. ಮೇಜಿನ ತಲೆಯಲ್ಲಿ ಟರ್ಕಿ ಕೋಳಿ, ಸುತ್ತ ಮಾಂಸದ ಬಗೆಗಳು, ಕೋಳಿಯ ಕಡುಬು, ಕುಂಬಳದ ಸಿಹಿ ಕಡುಬು. ಖಾದ್ಯಗಳೆಲ್ಲ ಒಟ್ಟಿಗೇ ಮೇಜಿಗೆ ಬರುತ್ತಿದ್ದ ಕಾಲ ಅದು. ತಟ್ಟೆಗಳನ್ನು ಎರಡೂ ಬದಿಗೆ ಸರಿಸಮವಾಗಿ ಜೋಡಿಸಿದರೆ ಅದೇ ಅಲಂಕಾರ. ಬೇರೆ ಹೂವಿಗೆ ಅಲ್ಲಿ ಜಾಗವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ.

ಈ ಹೇಲ್ ಅವರು 'ಗೋಡೀಸ್ ಲೇಡೀಸ್ ಬುಕ್' ಎಂಬ ಮಹಿಳಾ ಮಾಸಿಕದ ಸಂಪಾದಕಿಯಾದರು. ಇಡೀ ದೇಶಕ್ಕೆ ಒಂದೇ ದಿನ ಈ ಹಬ್ಬವಿರಲಿ ಎಂದು ವರ್ಷಗಟ್ಟಲೆ ಸಂಪಾದಕೀಯ ಬರೆದರು, ರಾಜ್ಯಪಾಲರಿಗೂ ಅಧ್ಯಕ್ಷರಿಗೂ ಪತ್ರ ಹಾಕಿದರು. ಕೊನೆಗೆ ಅಂತರ್ಯುದ್ಧದ ನಡುವೆ, 1863ರ ಅಕ್ಟೋಬರ್ 3ರಂದು, ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಗೊತ್ತುಮಾಡಿ ಘೋಷಣೆ ಹೊರಡಿಸಿದರು. ಅದು ಕಾನೂನಾಗಿ ನಾಲ್ಕನೆಯ ಗುರುವಾರಕ್ಕೆ ನಿಂತದ್ದು 1941ರಲ್ಲಿ.

ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಒಂದು ಹೊಸ ಪದ್ಧತಿ ಬಂತು. ಅದಕ್ಕೆ ರಷ್ಯನ್ ಪದ್ಧತಿಯ ಬಡಿಸುವಿಕೆ ಎಂದು ಹೆಸರು. ಖಾದ್ಯಗಳನ್ನು ಮೇಜಿಗೆ ತರುವ ಬದಲು ಪಕ್ಕದಲ್ಲಿಟ್ಟುಕೊಂಡು, ಆಳುಗಳು ಒಂದಾದ ಮೇಲೊಂದರಂತೆ ಬಡಿಸುವ ಕ್ರಮ. ಆಗ ಮೇಜಿನ ನಡುವೆ ಜಾಗ ಖಾಲಿ ಬಿತ್ತು. ಅದನ್ನು ತುಂಬಲು ಕೊಂಬೆಕೊಂಬೆಯಾಗಿ ಹರಡಿದ ಬೆಳ್ಳಿಯ ಹಣ್ಣುದಾನಿಗಳು, ಹೂವಿನ ಗೋಪುರಗಳು ಬಂದವು. ಮುಂದೆ ಏನು ಬಡಿಸುತ್ತಾರೆಂದು ಕಾಣದ ಕಾರಣ ಅತಿಥಿಗಳ ಮುಂದೆ ಖಾದ್ಯಗಳ ಪಟ್ಟಿ ಬರೆದ ಕಾರ್ಡು ಇಡತೊಡಗಿದರು. ಆಗ ಸೆಲರಿ ಸೊಪ್ಪು ಬೆಳೆಸುವುದು ಕಷ್ಟ, ಬೆಲೆಯೂ ದುಬಾರಿ. ಅದರ ದಂಟುಗಳನ್ನು ಎತ್ತರದ ಗಾಜಿನ ಹೂದಾನಿಯಲ್ಲಿ ನಿಲ್ಲಿಸಿ ಮೆರೆಸುತ್ತಿದ್ದರು. ನೋಡಿ ಮುಗಿದ ಮೇಲೆ ಅದನ್ನೇ ಕಚ್ಚಿ ತಿನ್ನುತ್ತಿದ್ದರು. ಈ ವೈಭವವೆಲ್ಲ ನಿಂತಿದ್ದು ಸಂಬಳಕ್ಕಿದ್ದ ಕೈಗಳ ಮೇಲೆ. ಬಡಿಸಲು ಆಳಿಲ್ಲದ ಮನೆಯಲ್ಲಿ ಮೇಜಿನ ನಡುವೆ ಇನ್ನೂ ಊಟವೇ ಇರುತ್ತಿತ್ತು.

1869ರ ನವೆಂಬರಿನಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್ 'ಹಾರ್ಪರ್ಸ್ ವೀಕ್ಲಿ' ವಾರಪತ್ರಿಕೆಗೆ ಈ ಹಬ್ಬದ ಪಂಕ್ತಿಯನ್ನು ಬರೆದ. ಅಮೆರಿಕ ದೇಶದ ಸಂಕೇತವಾದ ಅಂಕಲ್ ಸ್ಯಾಮ್ ಟರ್ಕಿ ಕೊಯ್ಯುತ್ತಿದ್ದಾನೆ. ಸುತ್ತ ಕುಳಿತವರಲ್ಲಿ ಕರಿಯರಿದ್ದಾರೆ, ಚೀನೀಯರಿದ್ದಾರೆ, ಮೂಲನಿವಾಸಿಗಳಿದ್ದಾರೆ, ಯುರೋಪಿನ ನಾನಾ ದೇಶದವರಿದ್ದಾರೆ. ಮೇಜಿನ ನಡುವಿನ ಅಲಂಕಾರದ ಮೇಲೆ ಸ್ವಯಮಾಡಳಿತ, ಸಾರ್ವತ್ರಿಕ ಮತದಾನ ಎಂಬ ಅಕ್ಷರಗಳು. ಕರಿಯರಿಗೆ ಮತದ ಹಕ್ಕು ಕೊಡುವ ತಿದ್ದುಪಡಿ ಆಗಿನ್ನೂ ರಾಜ್ಯಗಳ ಒಪ್ಪಿಗೆಗೆ ಕಾದಿತ್ತು. ದೇಶದಾದ್ಯಂತ ಮಹಿಳೆಯರ ಮತದ ಹಕ್ಕಿಗೆ ಸಂವಿಧಾನದ ರಕ್ಷಣೆ ಸಿಕ್ಕಿದ್ದು 1920ರಲ್ಲಿ, ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ. ನ್ಯಾಸ್ಟ್ ಹಾಕಿದ ಪಂಕ್ತಿ ದೇಶಕ್ಕಿಂತ ಬಹಳ ಮುಂದಿತ್ತು.

ಇಪ್ಪತ್ತನೆಯ ಶತಮಾನ ಬಂದಂತೆ ಮಧ್ಯಮವರ್ಗದ ಮನೆಗಳಲ್ಲಿ ಆಳುಗಳು ಕಡಿಮೆಯಾದರು. ಅಡುಗೆ, ಬಡಿಸುವಿಕೆ, ಅಲಂಕಾರ ಮೂರೂ ಒಬ್ಬಳೇ ಗೃಹಿಣಿಯ ಕೆಲಸವಾಯಿತು. ಅವಳ ನೆರವಿಗೆ ಬಂದದ್ದು ಕಾಗದ. ಡೆನಿಸನ್ ಕಂಪನಿ ಸುಕ್ಕುಗಟ್ಟಿದ ಕ್ರೇಪ್ ಕಾಗದವನ್ನೂ ಅದರಿಂದ ಅಲಂಕಾರ ಮಾಡುವ ವಿಧಾನದ ಪುಸ್ತಿಕೆಗಳನ್ನೂ ಮಾರಿತು. ಪೆನ್ಸಿಲ್ವೇನಿಯಾದ ಬೈಸಲ್ ಕಂಪನಿ ಜೇನುಗೂಡಿನಂತೆ ಬಿಚ್ಚಿಕೊಳ್ಳುವ ತೆಳು ಕಾಗದದ ಅಲಂಕಾರಗಳಿಗೆ ಹೆಸರಾಯಿತು. ಮಡಿಸಿಟ್ಟ ಕಾಗದದ ಟರ್ಕಿಯನ್ನು ಬಿಡಿಸಿ ಮೇಜಿನ ನಡುವೆ ನಿಲ್ಲಿಸಿದರೆ ಕ್ಷಣದಲ್ಲಿ ಸಿಂಗಾರ ಸಿದ್ಧ. ಶಾಲೆಗಳೂ ಕೈ ಜೋಡಿಸಿದವು. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಈ ಹಬ್ಬವನ್ನು ಕಲಿಸುವಾಗ, ಅಂಗೈ ಇಟ್ಟು ಗೆರೆ ಎಳೆದು ಟರ್ಕಿ ಬರೆಯುವುದನ್ನೂ, ಬಕಲ್ ಇರುವ ಕಪ್ಪು ಟೋಪಿ ಕತ್ತರಿಸುವುದನ್ನೂ ಹೇಳಿಕೊಟ್ಟರು. 1621ರಲ್ಲಿ ಯಾರೂ ಅಂಥ ಬಕಲ್ ಟೋಪಿ ತೊಟ್ಟಿರಲಿಲ್ಲ ಎಂಬುದು ಬೇರೆ ಮಾತು. ಮಕ್ಕಳು ಮನೆಗೆ ತಂದದ್ದು ಮೇಜಿನ ಮೇಲೆ ಕೂತಿತು.

1943ರ ಮಾರ್ಚಿನಲ್ಲಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ನಾರ್ಮನ್ ರಾಕ್‌ವೆಲ್‌ನ ಪ್ರಸಿದ್ಧ ಚಿತ್ರ ಬಂತು. ಅಜ್ಜಿ ದೊಡ್ಡ ಟರ್ಕಿಯನ್ನು ಮೇಜಿಗೆ ಇಳಿಸುತ್ತಿದ್ದಾಳೆ, ಅಜ್ಜ ಹಿಂದೆ ನಿಂತಿದ್ದಾನೆ. ಬಿಳಿ ಬಟ್ಟೆ, ಬಿಳಿ ತಟ್ಟೆ, ನೀರಿನ ಲೋಟ, ಒಂದಿಷ್ಟು ಹಣ್ಣು, ಸೆಲರಿ. ಹೂವಿನ ಗೋಪುರ ಹೋಗಿ ಮನೆಮಂದಿಯ ಮುಖಗಳು ಎದ್ದು ಕಂಡವು. ಅಟ್ಟವಳೇ ತಂದು ಬಡಿಸುವ ದೃಶ್ಯ ಇಡೀ ಹಬ್ಬದ ಚಿತ್ರವಾಗಿಬಿಟ್ಟಿತು.

ಇನ್ನು ಆ ಕುಂಬಳ, ಆ ಜೋಳದ ತೆನೆ. ನವೆಂಬರ್ ಕೊನೆಗೆ ನ್ಯೂ ಇಂಗ್ಲೆಂಡಿನಲ್ಲಿ ಎಲೆ ಉದುರಿ ಹಿಮ ಬೀಳುವ ಹೊತ್ತು. ತೋಟದಲ್ಲಿ ಹೂ ಅಪರೂಪ. ಒಣಗಿಯೂ ಕೆಡದ ತೆನೆ, ಗಟ್ಟಿ ಸಿಪ್ಪೆಯ ಕುಂಬಳ, ಸೋರೆ, ಅಕ್ರೋಟು, ಕ್ರ್ಯಾನ್‌ಬೆರಿ, ಇವೇ ಕೈಗೆ ಸಿಗುವ ಬಣ್ಣಗಳು. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಬಿಡುವ ಗಿಡ, ಹಾಗಾಗಿ ಅದು ಶರತ್ಕಾಲದ ಹೂವಾಯಿತು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದವರು ಅಲ್ಲಿನ ಮೂಲನಿವಾಸಿಗಳು. ವಲಸಿಗರಿಗೆ ಮೆಕ್ಕೆಜೋಳ ಬಿತ್ತಲು ಕಲಿಸಿದವನು ಅವರಲ್ಲೊಬ್ಬನಾದ ಟಿಸ್ಕ್ವಾಂಟಮ್. ನಮ್ಮ ಹೊಲದ ಮೆಕ್ಕೆಜೋಳ, ಅಡುಗೆಮನೆಯ ಸಿಹಿಗುಂಬಳ, ಆಯುಧಪೂಜೆಗೆ ಕಟ್ಟುವ ಚೆಂಡುಹೂ ಮೂರರ ಮೂಲವೂ ಅಮೆರಿಕ ಖಂಡಗಳೇ. ಆದರೆ ಆ ಬೆಳೆ ಕೊಟ್ಟವರು ನೆಲ ಕಳೆದುಕೊಂಡರು. 1970ರಿಂದ ಪ್ರತಿವರ್ಷ ಇದೇ ಗುರುವಾರ ಪ್ಲಿಮತ್‌ನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಮೂಲನಿವಾಸಿಗಳು ರಾಷ್ಟ್ರೀಯ ಶೋಕದಿನ ಆಚರಿಸುತ್ತಾರೆ. ಹಬ್ಬದ ಚರಿತ್ರೆ ಹೇಳುವಾಗ ಇದನ್ನು ಬಿಡುವಂತಿಲ್ಲ.

ಇಂದು ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಆ ವಾರಾಂತ್ಯ ನೆಂಟರು, ಗೆಳೆಯರು ಕೂಡುತ್ತಾರೆ. ಕುಂಬಳ, ಸೇವಂತಿಗೆಯ ಪಕ್ಕ ಬಿಸಿಬೇಳೆಬಾತ್ ಬಂದರೆ ಅಚ್ಚರಿಯಿಲ್ಲ. ಮೇಜು ಸಿಂಗರಿಸುವವರಿಗೆ ಅನುಭವಿಗಳು ಹೇಳುವ ಒಂದು ನಿಯಮವಿದೆ: ನಡುವಿನ ಅಲಂಕಾರ ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ, ಎದುರಿನವರ ಮುಖ ಮರೆಯಾಗದಿರಲಿ. ಈ ಚರಿತ್ರೆ ಓದಿದ ಮೇಲೆ ಅತಿಥಿಗಳಿಗೂ ಒಂದು ನಿಯಮ ಸೇರಿಸಬೇಕೆನ್ನಿಸುತ್ತದೆ. ಹಬ್ಬಕ್ಕೆ ಕರೆ ಬಂದರೆ ಹೂಗುಚ್ಛ ಒಯ್ಯುವುದು ಒಳ್ಳೆಯದೇ. ಒಂದು ಗಂಟೆ ಮೊದಲೇ ಹೋಗಿ ಬಟ್ಟೆ ಹಾಸಲು, ತಟ್ಟೆ ಇಡಲು, ಊಟವಾದ ಮೇಲೆ ಎಲ್ಲವನ್ನೂ ತೊಳೆಯಲು ಕೈಹಾಕುವುದು ಅದಕ್ಕಿಂತ ಒಳ್ಳೆಯದು.