ಗರಡಿಯ ವಿದ್ಯೆ

 

ವ್ಯಾಕರಣವನ್ನು ಓದಿಸುವವನು ಗರಡಿಯ ಮಾತನ್ನೆತ್ತುವದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮಲ್ಲವಿದ್ಯೆಯೂ ನಮ್ಮ ನಾಡಿನಲ್ಲಿ ಗ್ರಂಥಸ್ಥವಾದ ವಿದ್ಯೆಯೇ ಆಗಿರುವದು. ಬಸವಾದಿ ಶರಣರ ವಾಸದಿಂದ ಪಾವನವಾದ ಕಲ್ಯಾಣದಲ್ಲಿಯೇ, ಅವರಿಗಿಂತ ತುಸು ಮೊದಲು ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದಗಳೆಂಬ ಪ್ರಕರಣಗಳುಂಟು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ಮೂರು ತೆರನಾಗಿ ವಿಂಗಡಿಸಿ, ಭಾರವೆತ್ತುವ, ಈಜುವ, ಕಂಬದ ಮೇಲೆ ಸಾಧಿಸುವ ಶ್ರಮಗಳನ್ನೂ ಅವರ ಆಹಾರವನ್ನೂ ಅರಸನು ಹೇಳಿರುವನು. (ಜ್ಯೇಷ್ಠಿಯ ತದ್ಭವವೇ ನಮ್ಮ ಜೆಟ್ಟಿ, ವಟುಗಳು ಇದನ್ನು ನೆನಪಿಡತಕ್ಕದ್ದು.) ಸಿಂಹಾಸನದಲ್ಲಿದ್ದವನು ಜೆಟ್ಟಿಯ ಊಟವನ್ನು ವಿಚಾರಿಸಿದನೆಂಬದು ಸಣ್ಣ ಮಾತಲ್ಲ.

ಅಹಿಂಸೆಯನ್ನು ಬೋಧಿಸುವ ಮಠಕ್ಕೆ ಈ ಹೊಡೆದಾಟವೇಕೆಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಯಣಿಗ ಪಾಯೆಸನು ಮಹಾನವಮಿಯಲ್ಲಿ ಹಲ್ಲು ಮುರಿಯುವ, ಮೋರೆ ಕೆಡುವ ಕಾಳಗಗಳನ್ನು ಕಂಡನಷ್ಟೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವಾದರೋ ಬೇರೊಂದು ಪಾಠವನ್ನು ಹೇಳುವದು. ತಲೆ ಬೋಳಿಸಿಕೊಂಡ ಜೆಟ್ಟಿಗಳು ಬಲಗೈಯ ಬೆರಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಎದುರಾಗುವರು. ಒಬ್ಬನ ತಲೆಯಿಂದ ರಕ್ತವು ಚಿಮ್ಮಿತೆಂದರೆ ಕಾಳಗವು ಅಲ್ಲಿಗೇ ಮುಗಿಯಿತು. ವರ್ಷವೆಲ್ಲ ಸಾಧಿಸಿದ ತೋಳು ಆ ಕ್ಷಣದಲ್ಲಿ ನಿಲ್ಲಬೇಕು. ನಿಲ್ಲಲರಿಯದವನ ಬಲವು ಪುಂಡಾಟಿಕೆ. ಅದಕ್ಕೆ ಗುರುವೇಕೆ, ಗರಡಿಯೇಕೆ? ನೆರೆಯ ಕೇರಳದ ಕಳರಿಯಲ್ಲಿಯೂ ಮೊದಲು ಮೈಯ ಸಾಧನೆ, ಬಳಿಕ ಕೋಲು, ಆಮೇಲೆ ಕತ್ತಿ ಗುರಾಣಿ. ಬರಿಗೈಯ ಪಾಠವು ಎಲ್ಲಕ್ಕೂ ಕೊನೆಗೆ. ಮೈ ಪಳಗದವನ ಕೈಗೆ ಅಲಗನ್ನು ಯಾರೂ ಕೊಡರು.

ಮಗನ ಕೈಕಾಲು ಮುರಿದೀತೆಂದು ಅಂಜುವ ತಾಯಂದಿರಿಗೆ ಗರಡಿಯ ಮಣ್ಣೇ ಉತ್ತರವು. ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ನಿಂಬೆಯ ರಸ, ಅರಿಸಿನಗಳನ್ನು ಬೆರೆಸಿ, ದಿನದಿನವೂ ಅಗೆದು ಮೆತ್ತಗೆ ಇಡುವದು ಬಿದ್ದವನಿಗೆ ಪೆಟ್ಟಾಗದಿರಲೆಂದೇ. ಅಗೆಯದೆ ಬಿಟ್ಟರೆ ಅದು ಗಟ್ಟಿನೆಲವಾಗುವದು; ಆಗ ತಾಯಂದಿರ ಅಂಜಿಕೆಯು ನಿಜವಾದೀತು.

ಇಲ್ಲಿಯೇ ನನ್ನ ದೂರು. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿಯ ಗದೆಯನ್ನು ಕೊಡಲು ಭಕ್ತರಲ್ಲಿ ಪೈಪೋಟಿಯುಂಟು. ಗರಡಿಗೆ ಒಂದು ಬಂಡಿ ಮಣ್ಣು ಹಾಕಿಸುವವರಿಲ್ಲ. ಗದೆಯ ಮೇಲೆ ಹೆಸರು ಕೆತ್ತಬಹುದು, ಮಣ್ಣಿನ ಮೇಲೆ ಕೆತ್ತಲಾಗದು.

ನಮ್ಮ ವಟುಗಳು ವಾರಕ್ಕೆ ಮೂರು ದಿನ ನಸುಕಿನಲ್ಲಿ ಊರ ಗರಡಿಗಿಳಿದು ದಂಡ, ಬಸ್ಕಿ, ದೊಣ್ಣೆವರಸೆಗಳನ್ನು ಕಲಿಯಲೆಂದು ಶ್ರೀಗಳವರಲ್ಲಿ ಅರಿಕೆ ಮಾಡಿಕೊಂಡೆನು, ಅಪ್ಪಣೆಯಾಗಿರುವದು. ಬಾಲಕರಿಗೆ ಹಾಲು, ನೆನೆಗಡಲೆಗಳನ್ನು ಕೊಡಲು ದಾಸೋಹದವರು ಒಪ್ಪಿರುವರು. ಮಣ್ಣು, ಎಣ್ಣೆ, ವೃದ್ಧರಾದ ಉಸ್ತಾದರ ಗೌರವಧನ, ಇಷ್ಟು ಉಳಿದಿವೆ. ಇವನ್ನು ವಹಿಸಿಕೊಳ್ಳುವವರು ಪ್ರಸಾದವಾದ ಮೇಲೆ ಪಾಠಶಾಲೆಯ ಜಗಲಿಗೆ ದಯಮಾಡಿಸಬೇಕು. ನಾನು ಅಲ್ಲಿಯೇ ಕುಳಿತಿರುವೆನು.